ಮೇಜಿನಿಂದ ಇಳಿದ ಪ್ರಷ್ಯನ್ನರು

ಕುರಿಯ ಮೂಳೆ, ಹಾಸಿಗೆಯಿಂದ ಎಳೆದ ಒಣಹುಲ್ಲು, ತಲೆಗೂದಲು, ಒಂದಿಷ್ಟು ಮರದ ಚೂರು. ಇಷ್ಟನ್ನು ಕೈಗೆ ಕೊಟ್ಟು ಒಂದು ಯುದ್ಧದ ಹಡಗು ಮಾಡಿಕೊಡಿ ಅಂದರೆ ನಾವು ನೀವು ನಕ್ಕು ಸುಮ್ಮನಾಗುತ್ತೇವೆ. ಇಂಗ್ಲೆಂಡಿನ ಪೀಟರ್‌ಬರೋ ಊರಿನ ಹತ್ತಿರ ನಾರ್ಮನ್ ಕ್ರಾಸ್ ಅನ್ನೋ ಕಡೆ ಸೆರೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಮತ್ತು ನಾವಿಕರು ನಗಲಿಲ್ಲ, ಮಾಡಿದರು.

ನಾರ್ಮನ್ ಕ್ರಾಸ್ ಯುದ್ಧಕೈದಿಗಳಿಗಾಗಿಯೇ ಕಟ್ಟಿದ ಮೊದಲ ಶಿಬಿರ ಅಂತ ಹೆಸರಾದ ಜಾಗ. 1797ರಲ್ಲಿ ಕೈದಿಗಳು ಬಂದರು, 1814ರಲ್ಲಿ ಖಾಲಿಯಾಯಿತು. ನಡುವೆ ಸಾವಿರಾರು ಜನ ವರ್ಷಗಟ್ಟಲೆ ಅಲ್ಲಿ ಕೂತಿದ್ದರು. ಸುಮಾರು 1,770 ಜನ ಅಲ್ಲೇ ಸತ್ತರು. ಬದುಕಿದ್ದವರಿಗೆ ದಿನಾ ಸಿಗುತ್ತಿದ್ದ ಪಡಿಯಲ್ಲಿ ಮಾಂಸ ಇರುತ್ತಿತ್ತು, ಮಾಂಸದ ಹಿಂದೆ ಮೂಳೆ ಬರುತ್ತಿತ್ತು. ಅದನ್ನು ಕುದಿಸಿ, ಕೊಬ್ಬು ಕೆರೆದು, ಬಿಸಿಲಲ್ಲಿ ಬೆಳ್ಳಗೆ ಒಣಗಿಸಿ, ಬೆರಳಗಲಕ್ಕಿಂತ ಸಣ್ಣ ಪಟ್ಟಿಗಳಾಗಿ ಸೀಳಿ, ಮರದ ಒಡಲಿನ ಮೇಲೆ ಹಲಗೆಗಳ ಹಾಗೆ ಜೋಡಿಸಿ ಪುಟ್ಟ ಮೊಳೆ ಹೊಡೆಯುತ್ತಿದ್ದರು. ಹಡಗಿನ ಹಗ್ಗಗಳಿಗೆ ಕೂದಲು. ಕೆಲವು ಹಡಗುಗಳಲ್ಲಿ ಹಿಂದೆ ಇರುವ ದಾರ ಎಳೆದರೆ ಫಿರಂಗಿಗಳೆಲ್ಲ ಒಟ್ಟಿಗೆ ಒಳಗೆ ಹೋಗುತ್ತವೆ! ಗಿಲೊಟಿನ್ ಮಾದರಿಗಳೂ ಇವೆ. ಮೂಳೆಯ ಕಟ್ಟೆ, ಮೇಲಿಂದ ಬೀಳುವ ಅಲಗು, ಸುತ್ತ ಕಾವಲಿಗೆ ಬೆರಳುಗಾತ್ರದ ಸಿಪಾಯಿಗಳು. ತಮ್ಮದೇ ದೇಶದ ಕ್ರಾಂತಿಯನ್ನು ಶತ್ರುವಿನ ಜೈಲಿನಲ್ಲಿ ಕೂತು, ಊಟದ ತಟ್ಟೆಯಲ್ಲಿ ಉಳಿದದ್ದರಲ್ಲಿ ಕೆತ್ತಿದವರು ಅವರು.

ಇದು ಹೊತ್ತು ಕಳೆಯೋದಕ್ಕೆ ಮಾತ್ರ ಮಾಡಿದ್ದಲ್ಲ. ಶಿಬಿರದ ಗೇಟಿನ ಹತ್ತಿರ ಸಂತೆ ಸೇರುತ್ತಿತ್ತು. ಸುತ್ತಲ ಊರಿನವರು ಬಂದು ಕೊಳ್ಳುತ್ತಿದ್ದರು. ಬಂದ ದುಡ್ಡಲ್ಲಿ ಹೊಗೆಸೊಪ್ಪು, ತರಕಾರಿ, ಬಟ್ಟೆ. ಹುಲ್ಲಿಗೆ ಬಣ್ಣ ಹಾಕಿ, ಸೀಳಿ, ಪೆಟ್ಟಿಗೆಗಳ ಮೇಲೆ ಚಿತ್ತಾರವಾಗಿ ಅಂಟಿಸುವ ಕೆಲಸವೂ ಜೋರಾಗಿತ್ತು. ಆದರೆ ಟೋಪಿಗೆ ಬೇಕಾದ ಹುಲ್ಲಿನ ಹೆಣಿಗೆಗೆ ಅವರು ಕೈ ಹಾಕಿದ್ದೇ ತಡ, ಸ್ಥಳೀಯ ಹೆಣಿಗೆಯವರ ಹೊಟ್ಟೆಗೆ ಹೊಡೆತ ಬೀಳುತ್ತೆ ಅಂತ ಸರ್ಕಾರ ನಿಷೇಧ ಹೇರಿತು. ನಿಷೇಧ ಬಂದ ಮೇಲೆ ಕಳ್ಳಸಾಗಣೆ ಶುರುವಾಯಿತು ಅಂತ ಬೇರೆ ಹೇಳಬೇಕಿಲ್ಲವಲ್ಲ. ಈಗ ಪೀಟರ್‌ಬರೋ ಮ್ಯೂಸಿಯಮ್ಮಿನಲ್ಲಿ ಅವರ ಕೈಕೆಲಸದ ಸುಮಾರು 800 ವಸ್ತುಗಳಿವೆ.

ಮನೆಯಲ್ಲಿ ಸಿಗುವ ಸಾಮಾನಿನಲ್ಲಿ ಯುದ್ಧದ ಪುಟ್ಟ ದೃಶ್ಯಗಳನ್ನು ಕಟ್ಟುವ ಹವ್ಯಾಸಿಗಳು ಈಗ ಪ್ರಪಂಚದ ತುಂಬ ಇದ್ದಾರೆ. ಅವರು ತಮ್ಮ ವಂಶವೃಕ್ಷ ಬರೆದರೆ ಬುಡದಲ್ಲಿ ಈ ಕೈದಿಗಳನ್ನೇ ಕೂರಿಸಬೇಕು. ‘ಡಯೋರಾಮ’ ಅನ್ನೋ ಹೆಸರು ಮಾತ್ರ ಬೇರೆ ಕಡೆಯಿಂದ ಬಂದದ್ದು. 1822ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೇರ್ (ಮುಂದೆ ಫೋಟೋಗ್ರಫಿಗೆ ಹೆಸರಾದವನು ಇವನೇ) ಮತ್ತು ಬೂಟನ್ ಸೇರಿ ತೆರೆದ ಪ್ರದರ್ಶನದ ಹೆಸರು ಅದು. ದೊಡ್ಡ ಪರದೆಯ ಮೇಲೆ ಚಿತ್ರ ಬರೆದು, ಹಿಂದೆ ಮುಂದೆ ಬೆಳಕು ಬದಲಾಯಿಸಿ ಹಗಲನ್ನು ರಾತ್ರಿ ಮಾಡಿ ತೋರಿಸುವ ಆಟ. ಪರದೆ ಹೋಯಿತು, ಹೆಸರು ಉಳಿದು ಬೊಂಬೆಗಳ ಮೇಲೆ ಬಂದು ಕೂತಿತು.

ಸಾಮಾನಿನ ವಿಷಯಕ್ಕೆ ಬಂದರೆ ನಮ್ಮ ಕಡೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ದಸರಾ ಗೊಂಬೆ ಕೂರಿಸುವ ಮನೆಗಳಲ್ಲಿ ತಟ್ಟೆಯಲ್ಲಿ ರಾಗಿ ಚೆಲ್ಲಿ ನೀರು ಚಿಮುಕಿಸಿ ನಾಲ್ಕೈದು ದಿನಕ್ಕೆ ಹುಲ್ಲುಗಾವಲು ಬೆಳೆಸುತ್ತಾರೆ. ಕೈಗನ್ನಡಿ ಇಟ್ಟು ಸುತ್ತ ಮರಳು ಹಾಕಿದರೆ ಕೆರೆ. ಮರದ ಹೊಟ್ಟಿಗೆ ಹಸಿರು ಬಣ್ಣ ಕಲೆಸಿದರೆ ಪಾರ್ಕು. ಪಟ್ಟದ ಬೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಜಂಬೂಸವಾರಿ ಹೊರಟಿರುತ್ತೆ, ಆನೆ ಮುಂದೆ ಕುದುರೆ ಸಿಪಾಯಿಗಳ ಸಾಲು. ಇದೂ ಡಯೋರಾಮವೇ, ಯುದ್ಧ ಇಲ್ಲ ಅಷ್ಟೆ. ಯುದ್ಧ ಬೇಕೆಂದರೆ ಇದೇ ಸಾಮಾನು ಇನ್ನೊಂದು ಕೆಲಸಕ್ಕೆ ಬರುತ್ತೆ. ರಟ್ಟನ್ನು ನಕ್ಷೆಯ ಎತ್ತರದ ಗೆರೆಗಳಿಗೆ ಸರಿಯಾಗಿ ಕತ್ತರಿಸಿ ಒಂದರ ಮೇಲೊಂದು ಅಂಟಿಸಿದರೆ ಗುಡ್ಡ. ಮೇಲೆ ಹಳೇ ಪೇಪರನ್ನು ಮೈದಾ ಅಂಟಿನಲ್ಲಿ ನೆನೆಸಿ ಹೊದಿಸಿದರೆ ಮೆಟ್ಟಿಲು ಮೆಟ್ಟಿಲಾಗಿ ಕಾಣೋದು ಹೋಗುತ್ತೆ. ಫಿಲ್ಟರಿನ ಕಾಫಿ ಚರಟವನ್ನು ಒಣಗಿಸಿಟ್ಟರೆ ಅದಕ್ಕಿಂತ ಒಳ್ಳೆ ಮಣ್ಣು ಯಾವ ಅಂಗಡಿಯಲ್ಲೂ ಸಿಗಲ್ಲ (ಚೆನ್ನಾಗಿ ಒಣಗಿರಬೇಕು, ಇಲ್ಲದಿದ್ದರೆ ವಾರದಲ್ಲಿ ಬೂಷ್ಟು ಬಂದು ನಿಮ್ಮ ರಣರಂಗ ಹಿಮಾಲಯವಾಗುತ್ತೆ). ತೆಂಗಿನ ನಾರನ್ನು ಚಿಕ್ಕದಾಗಿ ಕತ್ತರಿಸಿ ನೆಟ್ಟರೆ ಗೋಧಿ ಗದ್ದೆ, ಪೊರಕೆ ಕಡ್ಡಿ ಬೇಲಿ, ಟಿಶ್ಯೂ ಪೇಪರನ್ನು ತೆಳು ಫೆವಿಕಾಲಿನಲ್ಲಿ ಅದ್ದಿ ಒಣಗಿಸಿದರೆ ಡೇರೆ. ಇಷ್ಟಕ್ಕೆ ಬೇಕಾದದ್ದು ತಾಳ್ಮೆ ಮತ್ತು ಮನೆಯವರ ಸಹನೆ.

ಕಷ್ಟ ಶುರುವಾಗೋದು ಗುಡ್ಡ ಒಣಗಿ, ಗದ್ದೆ ನೆಟ್ಟು, ಡಬ್ಬದಿಂದ ಸಿಪಾಯಿಗಳನ್ನು ಹೊರಗೆ ತೆಗೆದ ಮೇಲೆ. ಯಾರನ್ನು ಎಲ್ಲಿ ನಿಲ್ಲಿಸೋದು? ಎಷ್ಟು ಗಂಟೆಗೆ? ಪುಸ್ತಕ ಬರೆಯುವವನು ‘ಸಂಜೆಯ ಸುಮಾರಿಗೆ ಎಡಭಾಗದಿಂದ ನೆರವು ಬರತೊಡಗಿತು’ ಅಂತ ಬರೆದು ಜಾರಿಕೊಳ್ಳಬಹುದು. ಬೊಂಬೆಗೆ ‘ಸುಮಾರು’ ಗೊತ್ತಿಲ್ಲ. ಅದು ಈ ಬೇಲಿಯ ಆಚೆ ಇರಬೇಕು, ಇಲ್ಲಾ ಈಚೆ ಇರಬೇಕು. ಈ ಒಂದು ಪ್ರಶ್ನೆಗೆ ತನ್ನ ಜೀವಮಾನದ ಅರ್ಧವನ್ನು, ಇದ್ದ ಬದ್ದ ದುಡ್ಡನ್ನು ಕೊಟ್ಟವನು ವಿಲಿಯಂ ಸೈಬೋರ್ನ್.

1797ರಲ್ಲಿ ಹುಟ್ಟಿದ ಸೈಬೋರ್ನ್ ಬ್ರಿಟಿಷ್ ಸೈನ್ಯದ ಅಧಿಕಾರಿ, ಸೈನಿಕನ ಮಗ. 1815ರ ಜೂನ್ 18ರಂದು ವಾಟರ್‌ಲೂ ಯುದ್ಧ ನಡೆದಾಗ ಅವನು ಅಲ್ಲಿರಲಿಲ್ಲ. ನೆಪೋಲಿಯನ್ ಸೋತ ಮೇಲೆ ಫ್ರಾನ್ಸಿನಲ್ಲಿ ಬೀಡುಬಿಟ್ಟ ಸೈನ್ಯದಲ್ಲಿ ಮಾತ್ರ ಇದ್ದ. ಅವನ ನಿಜವಾದ ಪರಿಣತಿ ನೆಲ ಅಳೆಯೋದು. ಸರ್ವೆ ಮಾಡಿ ಗುಡ್ಡ ತಗ್ಗುಗಳನ್ನು ಕಾಗದದ ಮೇಲೆ ತೋರಿಸುವುದು ಹೇಗೆ ಅಂತ 1820ರ ದಶಕದಲ್ಲಿ ಎರಡು ಪುಸ್ತಕ ಬರೆದಿದ್ದ. 1830ರಲ್ಲಿ ಸೈನ್ಯದ ವರಿಷ್ಠರು ವಾಟರ್‌ಲೂ ಯುದ್ಧದ ಮಾದರಿಯೊಂದನ್ನು ಮಾಡುವ ಕೆಲಸಕ್ಕೆ ಇವನನ್ನೇ ಆರಿಸಿದರು. ಅವನು ಬೆಲ್ಜಿಯಮ್ಮಿಗೆ ಹೋಗಿ, ಯುದ್ಧದ ದಿನ ಅತಿ ಹೆಚ್ಚು ರಕ್ತ ಹರಿದ ತಾಣಗಳಲ್ಲೊಂದಾದ ಲಾ ಹೇ ಸೇಂಟ್ ಅನ್ನೋ ತೋಟದ ಮನೆಯಲ್ಲೇ ಎಂಟು ತಿಂಗಳು ಬಿಡಾರ ಹೂಡಿ, ಇಡೀ ರಣರಂಗವನ್ನು ಅಳೆದ.

ಆ ಹೊತ್ತಿಗೆ ನೆಲವೇ ಬದಲಾಗಿತ್ತು. ಡಚ್ ರಾಜಕುಮಾರ ಗಾಯಗೊಂಡ ಜಾಗದ ನೆನಪಿಗೆ ಅಂತ ನಲವತ್ತು ಮೀಟರಿಗೂ ಎತ್ತರದ ಮಣ್ಣಿನ ದಿಬ್ಬ ಎಬ್ಬಿಸಿ, ತುದಿಯಲ್ಲಿ ಸಿಂಹ ನಿಲ್ಲಿಸಿದ್ದರು. 1826ರಲ್ಲಿ ಆ ಕೆಲಸ ಮುಗಿದಿತ್ತು. ಅದಕ್ಕೆ ಬೇಕಾದ ಮಣ್ಣನ್ನು ಎಲ್ಲಿಂದ ತೆಗೆದರು ಅಂತೀರಿ? ವೆಲಿಂಗ್ಟನ್ ತನ್ನ ಸೈನ್ಯವನ್ನು ಮರೆಮಾಡಿ ನಿಲ್ಲಿಸಿದ್ದ ಏರಿನಿಂದಲೇ. ಸ್ಮಾರಕ ಕಟ್ಟುವುದಕ್ಕೋಸ್ಕರ ಸ್ಮರಿಸಬೇಕಾದ್ದನ್ನೇ ಅಗೆದು ಹಾಕಿದ್ದರು. ಸೈಬೋರ್ನ್ ಹಳೇ ನೆಲವನ್ನು ಲೆಕ್ಕ ಹಾಕಿ ಮತ್ತೆ ಕಟ್ಟಬೇಕಾಯಿತು.

ಅವನು ಆರಿಸಿಕೊಂಡ ಅಳತೆ ಒಂದು ಮೈಲಿಗೆ ಒಂಬತ್ತು ಅಡಿ. ಮಾದರಿ ಒಂದು ಬದಿಗೆ 19 ಅಡಿ 8 ಅಂಗುಲ, ಇನ್ನೊಂದು ಬದಿಗೆ 18 ಅಡಿ 7 ಅಂಗುಲ ಬಂತು. ಬೆಂಗಳೂರಿನ 20-30 ಸೈಟಿನ ಮನೆಯಲ್ಲಿ ಇಟ್ಟರೆ ಅಡುಗೆಮನೆಗೆ ಜಾಗ ಇರಲ್ಲ. ಅದರ ಮೇಲೆ ತವರ ಮತ್ತು ಸೀಸದ ಸುಮಾರು 75,000 ಬೊಂಬೆಗಳು, ಒಂದೊಂದೂ ಸುಮಾರು 10 ಮಿಲಿಮೀಟರ್ ಎತ್ತರ. ಇಲ್ಲೊಂದು ಲೆಕ್ಕ ನೋಡಿ. ಮೈಲಿಗೆ ಒಂಬತ್ತಡಿ ಅಂದರೆ ನಿಜವಾದ ನೆಲದ ಸುಮಾರು 590ರಲ್ಲಿ ಒಂದು ಪಾಲು. ಆ ಲೆಕ್ಕದಲ್ಲಿ ಒಬ್ಬ ಸಿಪಾಯಿ ಮೂರು ಮಿಲಿಮೀಟರ್ ಇರಬೇಕು, ಸಾಸಿವೆ ಕಾಳಿಗಿಂತ ಸ್ವಲ್ಪ ದೊಡ್ಡವನು. ಅಷ್ಟು ಸಣ್ಣದಾದರೆ ನೋಡುವವರಿಗೆ ಏನೂ ಕಾಣಲ್ಲ. ಹಾಗಾಗಿ ಸಿಪಾಯಿಗಳು ನೆಲಕ್ಕಿಂತ ಮೂರು ಪಟ್ಟು ದೊಡ್ಡವರಾದರು, ದೊಡ್ಡವರಾದ್ದರಿಂದ ಎಲ್ಲರಿಗೂ ಜಾಗ ಸಾಲಲಿಲ್ಲ, ಒಂದು ಬೊಂಬೆ ಸುಮಾರು ಇಬ್ಬರ ಲೆಕ್ಕಕ್ಕೆ ನಿಂತಿತು. ಇವತ್ತಿಗೂ ಯುದ್ಧದ ದೃಶ್ಯ ಕಟ್ಟುವವರೆಲ್ಲ ಮಾಡಿಕೊಳ್ಳುವ ರಾಜಿ ಇದೇ.

ಸೈಬೋರ್ನ್ ಆರಿಸಿದ ಕ್ಷಣ ಸಂಜೆ ಏಳರ ಸುಮಾರು. ನೆಪೋಲಿಯನ್ನನ ಖಾಸಾ ಪಡೆ, ಇಂಪೀರಿಯಲ್ ಗಾರ್ಡ್, ಕೊನೆಯ ಸಲ ಏರು ಹತ್ತಿ ಬರುತ್ತಿರುವ ಹೊತ್ತು. ಯಾರು ಎಲ್ಲಿದ್ದರು ಅಂತ ತಿಳಿಯಲು ಅವನು ಮಾಡಿದ ಕೆಲಸವೇ ಹೊಸದು. ಯುದ್ಧದಲ್ಲಿದ್ದು ಇನ್ನೂ ಬದುಕಿದ್ದ ಬ್ರಿಟಿಷ್ ಅಧಿಕಾರಿಗಳಿಗೆಲ್ಲ ಸುತ್ತೋಲೆ ಕಳಿಸಿದ. ಆ ಹೊತ್ತಿಗೆ ನಿಮ್ಮ ಪಡೆ ಎಲ್ಲಿತ್ತು? ಯಾವ ವ್ಯೂಹದಲ್ಲಿತ್ತು? ಎದುರಿಗಿದ್ದ ಶತ್ರು ಯಾರು? ನಿಮ್ಮ ಮುಂದಿನ ಹೊಲದಲ್ಲಿ ಯಾವ ಬೆಳೆ ಇತ್ತು? ಕೊನೆಯ ಪ್ರಶ್ನೆ ನನಗೆ ತುಂಬ ಇಷ್ಟ. ಜೂನ್ ತಿಂಗಳಲ್ಲಿ ಅಲ್ಲಿ ರೈ ಬೆಳೆ ಆಳೆತ್ತರಕ್ಕೆ ನಿಂತಿರುತ್ತೆ, ಅದರೊಳಗೆ ಒಂದು ಪಡೆಯೇ ಅಡಗಬಹುದು. ಬೆಳೆ ಗೊತ್ತಾದರೆ ಯಾರಿಗೆ ಏನು ಕಾಣುತ್ತಿತ್ತು, ಏನು ಕಾಣುತ್ತಿರಲಿಲ್ಲ ಅನ್ನೋದು ಗೊತ್ತಾಗುತ್ತೆ. ಇದನ್ನು ಕೇಳಬೇಕು ಅಂತ ಅಲ್ಲಿಯವರೆಗೆ ಯಾವ ಇತಿಹಾಸಕಾರನಿಗೂ ಹೊಳೆದಿರಲಿಲ್ಲ. ಬೊಂಬೆ ಕೂರಿಸುವವನಿಗೆ ಹೊಳೆಯಿತು, ಯಾಕಂದರೆ ಅವನು ನೆಲಕ್ಕೆ ಯಾವ ಬಣ್ಣ ಬಳಿಯಬೇಕು ಅಂತ ತೀರ್ಮಾನ ಮಾಡಲೇಬೇಕಿತ್ತು!

ಸುಮಾರು ಏಳುನೂರು ಉತ್ತರಗಳು ಬಂದವು. ಹದಿನೈದು ಇಪ್ಪತ್ತು ವರ್ಷದ ಹಿಂದಿನ ಹೊಗೆ ತುಂಬಿದ ಒಂದು ಸಂಜೆಯ ಬಗ್ಗೆ ಬರೆದ ಪತ್ರಗಳು. ಒಬ್ಬರದು ಇನ್ನೊಬ್ಬರದಕ್ಕೆ ತಾಳೆಯಾಗದೆ ಇದ್ದದ್ದರಲ್ಲಿ ಆಶ್ಚರ್ಯ ಇಲ್ಲ. ಇಂಪೀರಿಯಲ್ ಗಾರ್ಡನ್ನು ಓಡಿಸಿದ್ದು ನಾವು ಅಂತ ಫುಟ್ ಗಾರ್ಡ್ಸ್ ಪಡೆಯವರು, ಅಲ್ಲ ನಾವು ಅಂತ 52ನೇ ರೆಜಿಮೆಂಟಿನವರು. ಆ ಜಗಳ ಸೈಬೋರ್ನ್ ಸತ್ತ ಮೇಲೂ ದಶಕಗಟ್ಟಲೆ ನಡೆಯಿತು. ನಮ್ಮೂರ ಜಾತ್ರೆಯಲ್ಲಿ ತೇರಿನ ಮೊದಲ ಹಗ್ಗ ಹಿಡಿದದ್ದು ಯಾರ ಮನೆಯವರು ಅಂತ ಮೂರು ತಲೆಮಾರು ವಾದ ನಡೆಯುತ್ತಲ್ಲ, ಹಾಗೆ.

ಆದರೆ ದೊಡ್ಡ ತಕರಾರು ಬಂದದ್ದು ಇನ್ನೊಂದು ಕಡೆಯಿಂದ. ವಾಟರ್‌ಲೂ ಬ್ರಿಟಿಷರು ಒಬ್ಬರೇ ಗೆದ್ದ ಯುದ್ಧವಲ್ಲ. ವೆಲಿಂಗ್ಟನ್ನನ ಸೈನ್ಯದಲ್ಲೇ ಡಚ್ಚರು, ಬೆಲ್ಜಿಯನ್ನರು, ಹಲವು ಜರ್ಮನ್ ಸಂಸ್ಥಾನಗಳವರು ಸೇರಿದ್ದರು. ಜೊತೆಗೆ ಮಧ್ಯಾಹ್ನ ನಾಲ್ಕೂವರೆ ಹೊತ್ತಿಗೆ ಪ್ರಷ್ಯನ್ ಸೈನ್ಯ ಪೂರ್ವದ ಕಾಡಿನಿಂದ ಹೊರಬಂದು ನೆಪೋಲಿಯನ್ನನ ಬಲಪಕ್ಕದ ಮೇಲೆ ಬಿದ್ದಿತ್ತು. ಪ್ಲಾನ್ಸನ್ವಾ ಅನ್ನೋ ಹಳ್ಳಿಯಲ್ಲಿ ಮನೆಯಿಂದ ಮನೆಗೆ, ಚರ್ಚಿನ ಅಂಗಳದಲ್ಲಿ ಸಮಾಧಿ ಕಲ್ಲುಗಳ ನಡುವೆ ಹೊಡೆದಾಟ ನಡೆಯಿತು. ನೆಪೋಲಿಯನ್ ತನ್ನ ಖಾಸಾ ಪಡೆಯ ಒಂದು ಪಾಲನ್ನು ಆ ಹಳ್ಳಿಗೆ ಕಳಿಸಬೇಕಾಯಿತು. ಸೈಬೋರ್ನ್ ಪ್ರಷ್ಯನ್ ಸೈನ್ಯದ ಕಡೆಯವರಿಗೂ ಪತ್ರ ಬರೆದು, ಅವರು ಕೊಟ್ಟ ಮಾಹಿತಿಯಂತೆ ಮೇಜಿನ ಮೇಲೆ ಪ್ರಷ್ಯನ್ನರನ್ನು ನಿಲ್ಲಿಸಿದ. ಇಂಪೀರಿಯಲ್ ಗಾರ್ಡ್ ಏರು ಹತ್ತುವ ಹೊತ್ತಿಗೆ ಅವರು ರಣರಂಗದ ಒಳಗೆ ಎಷ್ಟು ದೂರ ಬಂದಿದ್ದರು ಅನ್ನೋದು ಕಣ್ಣಿಗೆ ಹೊಡೆಯುವ ಹಾಗೆ ಕಂಡಿತು.

ವೆಲಿಂಗ್ಟನ್ನನ ಆಪ್ತ ಲಾರ್ಡ್ ಫಿಟ್ಸ್‌ರಾಯ್ ಸಾಮರ್ಸೆಟ್‌ಗೆ ಇದು ಹಿಡಿಸಲಿಲ್ಲ. ವಾಟರ್‌ಲೂವಿನಲ್ಲೇ ಬಲಗೈ ಕಳೆದುಕೊಂಡವನು ಅವನು, ಆಗ ಸೈನ್ಯದ ಕೇಂದ್ರ ಕಚೇರಿಯಲ್ಲಿ ಮಿಲಿಟರಿ ಕಾರ್ಯದರ್ಶಿ. ಪ್ರಷ್ಯನ್ನರನ್ನು ಹೀಗೆ ನಿಲ್ಲಿಸಿದರೆ ಗೆಲುವಿನಲ್ಲಿ ಅವರ ಪಾಲು ಇದ್ದದ್ದಕ್ಕಿಂತ ದೊಡ್ಡದು ಅಂತ ಜನ ತಿಳಿಯುತ್ತಾರೆ ಅನ್ನೋದು ಆಕ್ಷೇಪ. ಇಲ್ಲಿ ಡ್ಯೂಕ್ ಆಫ್ ವೆಲಿಂಗ್ಟನ್ನನನ್ನು ಸುಮ್ಮನೆ ಖಳನಾಯಕ ಮಾಡಿ ಮುಗಿಸಿಬಿಡೋದು ಸುಲಭ, ಹಾಗೆ ಮಾಡಿದವರೂ ಇದ್ದಾರೆ. ಆದರೆ ಯುದ್ಧದ ಮಾರನೇ ದಿನ ಅವನು ಬರೆದ ವರದಿಯಲ್ಲಿ ಪ್ರಷ್ಯನ್ನರ ನೆರವನ್ನು ಧಾರಾಳವಾಗಿಯೇ ನೆನೆದಿದ್ದ. ಮಾದರಿಯ ಬಗ್ಗೆ ಅವನೆತ್ತಿದ ಇನ್ನೊಂದು ಆಕ್ಷೇಪ, ನನ್ನ ಮಟ್ಟಿಗೆ, ಡಯೋರಾಮಗಳ ಬಗ್ಗೆ ಯಾರೇ ಹೇಳಿದ ಅತಿ ಚುರುಕಾದ ಮಾತು. ಮಾದರಿ ತೋರಿಸಬಲ್ಲದ್ದು ಒಂದೇ ಕ್ಷಣವನ್ನು, ಆದರೆ ಇಲ್ಲಿ ಪ್ರತಿ ಪಡೆಯೂ ತನಗೆ ಇಷ್ಟವಾದ ಕ್ಷಣದಲ್ಲಿ, ತಾನೇ ಆರಿಸಿಕೊಂಡ ಜಾಗದಲ್ಲಿ ನಿಂತಿದೆ, ಹಾಗಾಗಿ ಎಲ್ಲರೂ ಒಂದೇ ಸಲಕ್ಕೆ ಹೋರಾಡುತ್ತಿದ್ದ ಹಾಗೆ ಕಾಣುತ್ತೆ, ಹಿಂದೆ ಕಾದು ನಿಂತ ಮೀಸಲು ಪಡೆಯೇ ಇಲ್ಲವೇನೋ ಅನ್ನಿಸುತ್ತೆ ಅನ್ನೋದು ಅದರ ಸಾರ. ಮದುವೆ ಗ್ರೂಪ್ ಫೋಟೋದಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಿರುತ್ತಾರಲ್ಲ, ಅಡುಗೆಯವನೂ ಸೇರಿ. ಅದನ್ನು ನೋಡಿ ಮದುವೆ ದಿನ ಯಾರೂ ಕೆಲಸವನ್ನೇ ಮಾಡಲಿಲ್ಲ ಅಂದುಕೊಂಡರೆ ಹೇಗೆ?

ಈ ವೆಲಿಂಗ್ಟನ್ ನಮಗೆ ಹೊಸಬನೂ ಅಲ್ಲ. ಡ್ಯೂಕ್ ಆಗುವ ಮೊದಲು ಅವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ, 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯದಲ್ಲಿದ್ದವನು. ಆ ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆ ತೋಪಿನ ಮೇಲೆ ದಾಳಿ ಮಾಡಲು ಹೋಗಿ, ಕತ್ತಲಲ್ಲಿ ದಾರಿ ತಪ್ಪಿ, ಟಿಪ್ಪುವಿನ ಸೈನಿಕರ ಗುಂಡು ಮತ್ತು ರಾಕೆಟ್‌ಗಳ ಮಳೆಗೆ ಸಿಕ್ಕಿ ವಾಪಸ್ ಓಡಿ ಬಂದ. ಅವನ ಮಂಡಿಗೂ ಪೆಟ್ಟಾಯಿತು, ಹನ್ನೆರಡು ಜನ ಸೆರೆಸಿಕ್ಕಿ ಸತ್ತರು. ಹಗಲಲ್ಲಿ ಹೋಗಿ ನೆಲ ನೋಡದೆ ರಾತ್ರಿ ದಾಳಿಗೆ ಇಳಿಯಲ್ಲ ಅಂತ ಆಮೇಲೆ ತೀರ್ಮಾನ ಮಾಡಿಕೊಂಡವನು. ಮೇ 4ರಂದು ಕೋಟೆ ಬಿತ್ತು, ಪಟ್ಟಣದ ಆಡಳಿತ ವೆಲ್ಲೆಸ್ಲಿ ಕೈಗೆ ಬಂತು. ಲಂಡನ್ನಿನ ಜನ ಆ ಮುತ್ತಿಗೆಯನ್ನು ಟಿಕೆಟ್ ಕೊಂಡು ನೋಡಿದರು. ಇಪ್ಪತ್ತರ ಹರೆಯದ ರಾಬರ್ಟ್ ಕೆರ್ ಪೋರ್ಟರ್ 1800ರಲ್ಲಿ 120 ಅಡಿ ಉದ್ದದ ಪರದೆಯ ಮೇಲೆ ಶ್ರೀರಂಗಪಟ್ಟಣದ ಪತನವನ್ನು ಬಿಡಿಸಿ ಪ್ರದರ್ಶನಕ್ಕಿಟ್ಟಿದ್ದ. ಅಲ್ಲಿ ತೋರಿಸಿದ್ದು ಗೆಲುವಿನ ಗಳಿಗೆಯನ್ನು. ಸುಲ್ತಾನ್‌ಪೇಟೆ ತೋಪಿನ ಕತ್ತಲಿಗೆ ಯಾರು ದುಡ್ಡು ಕೊಡುತ್ತಾರೆ? ಯಾವ ಗಳಿಗೆಯನ್ನು ನಿಲ್ಲಿಸಿ ತೋರಿಸುತ್ತಾರೆ ಅನ್ನೋದರ ಬೆಲೆ ವೆಲಿಂಗ್ಟನ್‌ಗೆ ಸೈಬೋರ್ನ್‌ಗಿಂತ ಮೂವತ್ತು ವರ್ಷ ಮೊದಲೇ ಗೊತ್ತಿತ್ತು ಅಂತ ನನ್ನ ಗುಮಾನಿ.

ಸೈಬೋರ್ನ್‌ಗೆ ಗೊತ್ತಾಗಿದ್ದು ದುಡ್ಡಿನ ಬೆಲೆ. 1833ರಲ್ಲಿ ಸರ್ಕಾರ ಹಣ ಕೊಡುವುದನ್ನು ನಿಲ್ಲಿಸಿತು. ಅವನು ಡಬ್ಲಿನ್ನಿನಲ್ಲಿ ಸೈನ್ಯದ ಕಚೇರಿ ಕೆಲಸ ಮಾಡಿಕೊಂಡೇ, ಸಾಲ ಎತ್ತಿ, ಅಧಿಕಾರಿಗಳಿಂದ ಚಂದಾ ಎತ್ತಿ ಮುಂದುವರಿಸಿದ. ಚಂದಾ ಕೊಟ್ಟವರ ರೆಜಿಮೆಂಟುಗಳು ಮೇಜಿನ ಮೇಲೆ ಚೆನ್ನಾಗಿ ಕಾಣುತ್ತವೆ ಅನ್ನೋ ಕುಹಕವೂ ಹುಟ್ಟಿಕೊಂಡಿತು. ಮಾದರಿ ಮುಗಿಯುವ ಹೊತ್ತಿಗೆ ಖರ್ಚು ಸುಮಾರು 3,000 ಪೌಂಡು. 1838ರಲ್ಲಿ ಲಂಡನ್ನಿನ ಪಿಕಾಡಿಲಿಯಲ್ಲಿದ್ದ ಈಜಿಪ್ಷಿಯನ್ ಹಾಲಿನಲ್ಲಿ ಪ್ರದರ್ಶನ, ತಲೆಗೆ ಒಂದು ಶಿಲ್ಲಿಂಗ್. ಸುಮಾರು ಒಂದು ಲಕ್ಷ ಜನ ನೋಡಿದರು ಅಂತಾರೆ. ಲೆಕ್ಕ ಹಾಕಿ, ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡು. ಐದು ಸಾವಿರ ಪೌಂಡು ಬರಬೇಕಿತ್ತು. ಸೈಬೋರ್ನ್ ಕೈಗೆ ಸಾಲ ತೀರಿಸುವಷ್ಟೂ ಸಿಗಲಿಲ್ಲ, ನಡುವಿನವರು ನುಂಗಿದರು ಅನ್ನೋದು ಅವನ ದೂರು.

ಕೊನೆಗೆ ಅವನು ಬಗ್ಗಿದ. ಮೇಜಿನ ಮೇಲಿದ್ದ ಪ್ರಷ್ಯನ್ ಬೊಂಬೆಗಳಲ್ಲಿ ಬಹುಪಾಲನ್ನು ತೆಗೆದುಹಾಕಿದ. ಹೊಸ ಪುರಾವೆ ನೋಡಿ ಮನಸ್ಸು ಬದಲಾಯಿಸಿದನೋ, ಮಾದರಿಯನ್ನು ಸರ್ಕಾರ ಕೊಂಡುಕೊಳ್ಳಲಿ ಅನ್ನೋ ಆಸೆಗೆ ಬಗ್ಗಿದನೋ, ಇತಿಹಾಸಕಾರರು ಇನ್ನೂ ಕಿತ್ತಾಡುತ್ತಿದ್ದಾರೆ. ಪೀಟರ್ ಹಾಫ್‌ಷ್ರೋಯರ್ ಅನ್ನೋ ಲೇಖಕ 2004ರಲ್ಲಿ ಇದರ ಮೇಲೇ ಒಂದು ಪುಸ್ತಕ ಬರೆದು, ವೆಲಿಂಗ್ಟನ್ನನ ಅತಿ ಸಣ್ಣ ಗೆಲುವು ಇದು ಅನ್ನೋ ಅರ್ಥದ ಹೆಸರಿಟ್ಟ. ಸಂಚು ಅನ್ನೋಷ್ಟು ದೂರ ನಾನು ಹೋಗಲ್ಲ. ಆದರೆ ಸಾಲದಲ್ಲಿ ಮುಳುಗಿದ ಕ್ಯಾಪ್ಟನ್ ಒಬ್ಬನಿಗೆ, ತನ್ನ ಬಡ್ತಿಯೂ ಮಾದರಿಯ ಮಾರಾಟವೂ ಯಾರ ಕೈಯಲ್ಲಿದೆಯೋ ಅವರು ‘ಇನ್ನೊಂದು ಸಲ ಪರಿಶೀಲಿಸಿ’ ಅಂತ ಮೇಲಿಂದ ಮೇಲೆ ಹೇಳುತ್ತಿದ್ದರೆ, ಅದಕ್ಕೆ ಸಂಚು ಬೇಕಾಗಿಲ್ಲ. ಸರ್ಕಾರಿ ಕಚೇರಿ ನೋಡಿದವರಿಗೆಲ್ಲ ಇದು ಅರ್ಥವಾಗುತ್ತೆ. ಇಷ್ಟಾದರೂ ಅವನು ಬದುಕಿರುವ ತನಕ ಸರ್ಕಾರ ಅದನ್ನು ಕೊಳ್ಳಲಿಲ್ಲ.

ಸುಮ್ಮನಿರಬೇಕಲ್ಲ? ಇಲ್ಲ. 1844ರ ಹೊತ್ತಿಗೆ ಎರಡನೇ ಮಾದರಿ ತಯಾರು ಮಾಡಿದ. ಯುದ್ಧದ ಒಂದೇ ತುಣುಕು, ಮಧ್ಯಾಹ್ನ ಬ್ರಿಟಿಷ್ ಕುದುರೆ ಪಡೆ ನುಗ್ಗಿದ ಗಳಿಗೆ. ಈ ಸಲ ಅಳತೆ ದೊಡ್ಡದು, ಹದಿನೈದು ಅಡಿಗೆ ಒಂದು ಅಂಗುಲ. ವೆಲಿಂಗ್ಟನ್ನನ ಆಕ್ಷೇಪಕ್ಕೆ ಇದೇ ಉತ್ತರವೇನೋ ಅನ್ನಿಸುತ್ತೆ ನನಗೆ. ಒಂದು ಜಾಗ, ಒಂದು ನಿಮಿಷ, ಪ್ರಷ್ಯನ್ನರು ಇನ್ನೂ ಬಂದಿಲ್ಲ, ಯಾರಿಗೂ ತಕರಾರಿಲ್ಲ. ಅದೇ ವರ್ಷ, ಕೂಡಿಸಿಟ್ಟ ಪತ್ರಗಳನ್ನೆಲ್ಲ ಆಧರಿಸಿ ಎರಡು ಸಂಪುಟಗಳ ಯುದ್ಧದ ಇತಿಹಾಸವನ್ನೂ ಪ್ರಕಟಿಸಿದ. ಮಾದರಿ ಮಾಡಲು ಕೂಡಿಸಿದ ಟಿಪ್ಪಣಿಗಳಿಂದ ಹುಟ್ಟಿದ ಪುಸ್ತಕ ಅದು, ಎಷ್ಟೋ ಕಾಲ ಇಂಗ್ಲಿಷಿನಲ್ಲಿ ವಾಟರ್‌ಲೂ ಬಗ್ಗೆ ಬರೆದವರೆಲ್ಲ ಅದರ ಮೇಲೇ ಮನೆ ಕಟ್ಟಿದರು. 1849ರಲ್ಲಿ ಸೈಬೋರ್ನ್ ತೀರಿಕೊಂಡ.

ವೆಲಿಂಗ್ಟನ್ ಪಕ್ಕದಲ್ಲೇ ವಾಟರ್‌ಲೂ ನೋಡಿದ ಇನ್ನೊಬ್ಬನನ್ನು ಇಲ್ಲಿ ನೆನೆಯಬೇಕು. ಪ್ರಷ್ಯನ್ ಸೈನ್ಯದ ಪರವಾಗಿ ಡ್ಯೂಕನ ಜೊತೆ ಸಂಪರ್ಕಕ್ಕೆ ಇದ್ದ ಅಧಿಕಾರಿ ಕಾರ್ಲ್ ಫಾನ್ ಮ್ಯೂಫ್ಲಿಂಗ್. ಮುಂದೆ ಅವನು ಪ್ರಷ್ಯನ್ ಜನರಲ್ ಸ್ಟಾಫಿನ ಮುಖ್ಯಸ್ಥನಾದ. 1824ರಲ್ಲಿ ರೈಸ್‌ವಿಟ್ಜ್ ಅನ್ನೋ ಯುವ ಅಧಿಕಾರಿ ತಾನು ಸುಧಾರಿಸಿದ ಯುದ್ಧದ ಆಟವೊಂದನ್ನು ಅವನಿಗೆ ತೋರಿಸಲು ಬಂದ. ಆಟದ ಮೂಲ ರೂಪವನ್ನು ಆ ಯುವಕನ ಅಪ್ಪ ಮಾಡಿದ್ದ, 1812ರಲ್ಲಿ. ಮೊದಲು ಮರಳಿನಲ್ಲಿ ಗುಡ್ಡ ತಗ್ಗು ಮಾಡಿ, ಆಮೇಲೆ ರಾಜನಿಗೋಸ್ಕರ ಜೋಡಿಸಬಹುದಾದ ಬಿಲ್ಲೆಗಳ ಮೇಜು ಮಾಡಿಸಿ. ಮಗ ಮೇಜನ್ನು ಬಿಟ್ಟು ಸರ್ವೆ ನಕ್ಷೆಯ ಮೇಲೆ ಆಡುವ ಹಾಗೆ ಮಾಡಿದ. ಆಟ ಏನು ನೋಡೋದು ಅಂತ ಅಸಡ್ಡೆಯಿಂದ ಕೂತ ಮ್ಯೂಫ್ಲಿಂಗ್, ನೋಡುತ್ತಾ ನೋಡುತ್ತಾ ಇದು ಆಟವಲ್ಲ, ಯುದ್ಧದ ತರಬೇತಿ ಅಂತ ಎದ್ದನಂತೆ. ಲಂಡನ್ನಿನಲ್ಲಿ ಬೊಂಬೆಗಳು ಗತಕಾಲದ ಜಗಳವಾದರೆ ಬರ್ಲಿನ್ನಿನಲ್ಲಿ ಮುಂದಿನ ಯುದ್ಧಗಳ ತಯಾರಿಯಾದವು. ರೈಸ್‌ವಿಟ್ಜ್‌ಗೆ ಮಾತ್ರ ಅದರಿಂದ ಒಳ್ಳೆಯದಾಗಲಿಲ್ಲ. 1827ರಲ್ಲಿ ತನ್ನ ಜೀವ ತಾನೇ ತೆಗೆದುಕೊಂಡ.

ಮತ್ತೆ ಮನೆಯ ಸಾಮಾನಿಗೆ ಬರೋಣ. ಎಚ್.ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಅಂತ ಒಂದು ಪುಸ್ತಕ ಬರೆದ. ಅಂಗಡಿಯಲ್ಲಿ ಸಿಗುವ ಸೀಸದ ಸಿಪಾಯಿಗಳು, ಮಕ್ಕಳ ಮರದ ಇಟ್ಟಿಗೆಗಳು, ತೋಟದಿಂದ ಕಿತ್ತು ತಂದು ಹಲಗೆಯ ತೂತುಗಳಿಗೆ ಸಿಕ್ಕಿಸಿದ ಕಡ್ಡಿಗಳ ಕಾಡು, ಜೊತೆಗೆ ಸ್ಪ್ರಿಂಗಿನಿಂದ ಮರದ ಚೂರು ಹಾರಿಸುವ ಪುಟ್ಟ ಫಿರಂಗಿ. ದೊಡ್ಡವರು ನೆಲದ ಮೇಲೆ ಬೋರಲು ಮಲಗಿ ಆಡುವ ಆಟ. ನಿಜವಾದ ಯುದ್ಧದ ಹುಚ್ಚು ಇರುವ ದೊರೆಗಳನ್ನೂ ಸೇನಾಪತಿಗಳನ್ನೂ ಒಂದು ಕೋಣೆಗೆ ಕೂಡಿಹಾಕಿ ಇದನ್ನೇ ಆಡಿಕೊಂಡಿರಿ ಅನ್ನಬೇಕು ಅಂತ ಪುಸ್ತಕದ ಕೊನೆಗೆ ವಾದ ಮಾಡಿದ. ಮಾರನೇ ವರ್ಷ 1914.

ಆ ಯುದ್ಧದಲ್ಲೂ, ಅದರ ನಂತರದ್ದರಲ್ಲೂ ಮಾದರಿಗಳನ್ನು ಕಟ್ಟುವವರಿಗೆ ಕೈತುಂಬ ಕೆಲಸ. ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಮೆಡ್‌ಮೆನ್ಹ್ಯಾಮ್‌ನಲ್ಲಿ ಒಂದು ವಿಭಾಗವೇ ಇತ್ತು. ವಿಮಾನದಿಂದ ತೆಗೆದ ಫೋಟೋ ನೋಡಿ, ಹಾರ್ಡ್‌ಬೋರ್ಡನ್ನು ಎತ್ತರದ ಗೆರೆಗಳಂತೆ ಕತ್ತರಿಸಿ ಒಂದರ ಮೇಲೊಂದು ಜೋಡಿಸಿ, ಅಂಚುಗಳನ್ನು ತುಂಬಿ ನುಣುಪು ಮಾಡುತ್ತಿದ್ದರು. ಹಬ್ಬಕ್ಕೆ ರಟ್ಟಿನ ಗುಡ್ಡ ಮಾಡುವ ಹುಡುಗರ ಕೆಲಸಕ್ಕೂ ಅದಕ್ಕೂ ವಿಧಾನದಲ್ಲಿ ವ್ಯತ್ಯಾಸ ಇಲ್ಲ. 1943ರ ಮೇ ತಿಂಗಳಲ್ಲಿ ಜರ್ಮನಿಯ ಅಣೆಕಟ್ಟುಗಳನ್ನು ಒಡೆಯಲು ಹೋದ ವಿಮಾನಿಗಳು ಹೊರಡುವ ಮೊದಲು ನೋಡಿ ಮನದಟ್ಟು ಮಾಡಿಕೊಂಡದ್ದು ಇಂಥ ಮಾದರಿಗಳನ್ನು. ಮೋನೆ ಅಣೆಕಟ್ಟಿನ ಮಾದರಿ ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿದೆ. ಆ ಮಾದರಿಯಲ್ಲಿ ಬೊಂಬೆಗಳಿಲ್ಲ. ಕಣಿವೆಯ ಕೆಳಗೆ ನೀರಿಗೆ ಸಿಕ್ಕಿ ಸತ್ತ ಸಾವಿರಕ್ಕೂ ಹೆಚ್ಚು ಜನರಲ್ಲಿ ಬಹಳಷ್ಟು ಮಂದಿ ಜರ್ಮನ್ನರೇ ಅಲ್ಲ, ಹಿಡಿದು ತಂದು ದುಡಿಸುತ್ತಿದ್ದ ಬೇರೆ ದೇಶದವರು.

ಸೈಬೋರ್ನ್‌ನ ದೊಡ್ಡ ಮಾದರಿ ಈಗ ಲಂಡನ್ನಿನ ಚೆಲ್ಸಿಯಲ್ಲಿರುವ ನ್ಯಾಷನಲ್ ಆರ್ಮಿ ಮ್ಯೂಸಿಯಮ್ಮಿನಲ್ಲಿದೆ. ಚಿಕ್ಕದು ರಾಯಲ್ ಆರ್ಮರೀಸ್ ಸಂಗ್ರಹಕ್ಕೆ ಸೇರಿದೆ. ಅವನು ಬರೆಸಿಕೊಂಡ ಪತ್ರಗಳಲ್ಲಿ ಆರಿಸಿದ ಒಂದಷ್ಟನ್ನು ಮಗ ಹರ್ಬರ್ಟ್ ಟೇಲರ್ ಸೈಬೋರ್ನ್ 1891ರಲ್ಲಿ ಪುಸ್ತಕ ಮಾಡಿದ. ಮೂಲ ಕಾಗದಗಳು ಬ್ರಿಟಿಷ್ ಲೈಬ್ರರಿಯಲ್ಲಿವೆ, ಉಳಿದ ಪತ್ರಗಳೂ ಈಚೆಗೆ ಒಂದೊಂದಾಗಿ ಅಚ್ಚಾಗಿವೆ. ಈಗ ವಾಟರ್‌ಲೂ ದೃಶ್ಯ ಕಟ್ಟಲು ಹೊರಡುವ ಹವ್ಯಾಸಿಗಳು ಆ ಪತ್ರಗಳನ್ನು ತೆರೆದಿಟ್ಟುಕೊಂಡೇ ಕೂರುತ್ತಾರೆ. ಯಾವ ಪಡೆಯ ಮುಂದೆ ರೈ ಎಷ್ಟೆತ್ತರ ಇತ್ತು, ಎಲ್ಲಿ ಕುದುರೆಗಳ ಕಾಲಿಗೆ ಸಿಕ್ಕಿ ನೆಲಕಚ್ಚಿತ್ತು ಅಂತ ಓದಿಕೊಂಡು, ಅದರ ಪ್ರಕಾರ ನಾರು ಕತ್ತರಿಸುತ್ತಾರೆ. ಚೆಲ್ಸಿಯ ಗಾಜಿನ ಪೆಟ್ಟಿಗೆಯೊಳಗೆ ಇನ್ನೂ ಸಂಜೆ ಏಳು ಗಂಟೆ. ಇಂಪೀರಿಯಲ್ ಗಾರ್ಡ್ ಏರು ಹತ್ತುತ್ತಿದೆ. ಪ್ಲಾನ್ಸನ್ವಾ ಕಡೆಯ ಹೊಲಗಳಲ್ಲಿ ಸಾಕಷ್ಟು ಜಾಗ ಖಾಲಿ ಇದೆ.